ಆರಿಸಿದ್ದ ಲ್ಯಾಂಪು ಶಾಕ್ ಹೊಡೆದದ್ದು ಹೇಗೆ?

ಗೌರಿ ಹಬ್ಬಕ್ಕೆ ಇನ್ನು ಮೂರೇ ದಿನ ಇತ್ತು. ಅಮ್ಮ ನಡುಮನೆ ಒರೆಸುತ್ತಿದ್ದಳು. ಮೂಲೆಯ ಮೇಜಿನ ಮೇಲೆ ನಾನು ಪೈಪಿನಲ್ಲಿ ಮಾಡಿದ ಲ್ಯಾಂಪು ಇತ್ತು. ಮೇಜು ಒರೆಸೋಣ ಅಂತ ಒದ್ದೆ ಕೈಯ ಹಿಂಭಾಗದಿಂದ ಅದನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿದಳು. ಅಷ್ಟೇ. "ಅಯ್ಯೋ!" ಅಂತ ಕೂಗಿ ಕೈ ಕೊಡವಿಕೊಂಡು ಹಿಂದೆ ಸರಿದಳು. ಬಕೆಟ್ ಉರುಳಿ ನೀರೆಲ್ಲ ನೆಲದ ಪಾಲಾಯಿತು.

ನಾನು ಓಡಿ ಬಂದು ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತೆ. ಅಮ್ಮ ಕುರ್ಚಿಯ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿದ್ದಳು. "ಮೊಣಕೈವರೆಗೂ ಜುಮ್ ಅಂತು ಕಣೋ," ಅಂದಳು. ಆಮೇಲೆ ಒಂದು ಮಾತು ಸೇರಿಸಿದಳು: "ಆದ್ರೆ ಲ್ಯಾಂಪು ಆರಿಸಿತ್ತಲ್ಲೋ?"

ಹೌದು, ಆರಿಸಿತ್ತು. ವೈರಿನ ನಡುವೆ ಇರುವ ಪುಟ್ಟ ಸ್ವಿಚ್ಚನ್ನು ಹಿಂದಿನ ರಾತ್ರಿ ನಾನೇ ಆಫ್ ಮಾಡಿದ್ದೆ. ಉರಿಯದ ಲ್ಯಾಂಪು ಶಾಕ್ ಹೊಡೆಯುವುದು ಹೇಗೆ? ಎರಡು ತಿಂಗಳಿಂದ ದಿನಾ ಮುಟ್ಟುತ್ತಿದ್ದ ಲ್ಯಾಂಪು ಅವತ್ತೇ ಯಾಕೆ ಹೊಡೆಯಿತು? ಉತ್ತರ ಸಿಗಲು ಒಂದು ವಾರ ಹಿಡಿಯಿತು. ಲ್ಯಾಂಪಿನ ಹೊಟ್ಟೆಯಲ್ಲಿ ಶುರುವಾದ ಹುಡುಕಾಟ ಕೊನೆಗೆ ಬಚ್ಚಲಮನೆಯ ಗೋಡೆಯಲ್ಲಿ ಹೋಗಿ ನಿಂತಿತು. ಪೈಪ್ ಲ್ಯಾಂಪ್ ಮಾಡುವ ಆಸೆ ಇರುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಪೂರ್ತಿ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ವಿಷಯ. ಅಮ್ಮ ಕೈಯ ಹಿಂಭಾಗದಿಂದ ಮುಟ್ಟಿದ್ದು ನಮ್ಮ ಪುಣ್ಯ. ಕರೆಂಟು ಹೊಡೆದಾಗ ತೋಳಿನ ಸ್ನಾಯುಗಳು ಬಿಗಿದುಕೊಂಡು ಬೆರಳುಗಳು ಮಡಚಿಕೊಳ್ಳುತ್ತವೆ. ಹಿಂಗೈ ತಗುಲಿದ್ದರೆ ಕೈ ತಾನಾಗಿಯೇ ಈಚೆ ಬರುತ್ತದೆ. ಪೈಪನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ ಅದೇ ಬಿಗಿತ ಪೈಪನ್ನು ಇನ್ನೂ ಗಟ್ಟಿಯಾಗಿ ಹಿಡಿಸುತ್ತಿತ್ತು. ಪೈಪ್ ಲ್ಯಾಂಪನ್ನು ಎಲ್ಲರೂ ಹಿಡಿಯುವುದು ಮುಷ್ಟಿಯಲ್ಲೇ ಅಲ್ವಾ?

ಲ್ಯಾಂಪು ಹುಟ್ಟಿದ ಕಥೆ

ನಮ್ಮದು ಮೈಸೂರಿನಲ್ಲಿ ಹಳೇ ಮನೆ. ಕೆಂಪು ರೆಡ್ ಆಕ್ಸೈಡ್ ನೆಲ, ದಪ್ಪ ಗೋಡೆ. ಬೇಸಿಗೆಯಲ್ಲಿ ನೀರಿನ ಹಳೇ ಜಿಐ (ಕಬ್ಬಿಣದ) ಪೈಪುಗಳನ್ನೆಲ್ಲ ಕಿತ್ತು ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಗಡಸು ನೀರಿಗೆ ಪೈಪಿನ ಒಳಗೆ ಕಲ್ಲು ಕಟ್ಟಿತ್ತು, ಬಚ್ಚಲಲ್ಲಿ ನಲ್ಲಿ ಬಿಟ್ಟರೆ ಅಡುಗೆಮನೆಯಲ್ಲಿ ನೀರು ಬರುತ್ತಿರಲಿಲ್ಲ. ಕಿತ್ತ ಪೈಪುಗಳು ಹಿತ್ತಲಲ್ಲಿ ಬಿದ್ದಿದ್ದವು. ಗುಜರಿಯವನಿಗೆ ಕೊಡುವ ಮೊದಲು ಒಂದು ಲ್ಯಾಂಪ್ ಮಾಡಿ ನೋಡೋಣ ಅನ್ನಿಸಿತು.

ಚೆನ್ನಾಗಿದ್ದ ಅರ್ಧ ಇಂಚಿನ ತುಂಡುಗಳನ್ನು ಆರಿಸಿ ಹುಣಸೆಹುಳಿ ಕದಡಿದ ನೀರಿನಲ್ಲಿ ಎರಡು ದಿನ ನೆನೆಹಾಕಿದೆ. ತುಕ್ಕು ಮೆತ್ತಗಾಯಿತು, ತಂತಿ ಬ್ರಶ್ಶಿನಲ್ಲಿ ಉಜ್ಜಿದರೆ ಉದುರಿತು. ಅರ್ಧ ಇಂಚು ಅನ್ನುವುದು ಒಳಗಿನ ರಂಧ್ರದ ಲೆಕ್ಕ, ಅದೂ ಅಂದಾಜು. ಹೊರಗಿನ ಅಳತೆ ಸುಮಾರು 21 ಮಿ.ಮೀ. ಬರುತ್ತದೆ, ಒಳಗೆ 15–16. ಪ್ಲಂಬರ್ ನನಗೆ ಬೇಕಾದ ಉದ್ದಕ್ಕೆ ಕತ್ತರಿಸಿ, ತುದಿಗಳಿಗೆ ಡೈ ಹಾಕಿ ಥ್ರೆಡ್ ತೆಗೆದುಕೊಟ್ಟರು. ಅಂಗಡಿಯಿಂದ ಒಂದು ಫ್ಲ್ಯಾಂಜು (ಪೈಪನ್ನು ಹಲಗೆಗೆ ಕೂರಿಸುವ ಬಿಲ್ಲೆ), ಒಂದು ಟೀ (ಮೂರು ಬಾಯಿಯ ಜೋಡಣೆ), ಎರಡು ಎಲ್ಬೋ (ಮೊಣಕೈ ಹಾಗೆ ತಿರುಗುವ ಜೋಡಣೆ) ತಂದೆ. ಹಲಸಿನ ಹಲಗೆಗೆ ಫ್ಲ್ಯಾಂಜು ಬಿಗಿದೆ. ಅದರ ಮೇಲೆ ಟೀ, ಟೀ ಮೇಲೆ ಒಂದಡಿ ಪೈಪು, ಅಲ್ಲಿಂದ ಎಲ್ಬೋ, ಆರಿಂಚು ಅಡ್ಡ ಪೈಪು, ಮತ್ತೊಂದು ಎಲ್ಬೋ ಕೆಳಮುಖವಾಗಿ. ಅದರ ತುದಿಯಲ್ಲಿ ಹೋಲ್ಡರ್. ಟೀಯ ಪಕ್ಕದ ಬಾಯಿಂದ ವೈರು ಒಳಗೆ ಹೋಗುತ್ತದೆ.

ವೈರು ಅಂತ ಮನೆಯಲ್ಲೇ ಬಿದ್ದಿದ್ದ ಎರಡೆಳೆಯ ಚಪ್ಪಟೆ ವೈರ್ ಹಾಕಿದೆ. ಎಲ್ಬೋಗಳನ್ನು ದಾಟಿಸುವುದು ಕಷ್ಟ ಅಂತ ಒಂದೊಂದೇ ತುಂಡಿಗೆ ಮೊದಲು ವೈರ್ ತೂರಿಸಿ, ಆಮೇಲೆ ಆ ತುಂಡನ್ನು ಪೈಪ್ ವ್ರೆಂಚಿನಲ್ಲಿ ತಿರುಗಿಸಿ ಬಿಗಿ ಮಾಡಿದೆ. ಅಭ್ಯಾಸಬಲ, ಥ್ರೆಡ್ಡಿಗೆಲ್ಲ ಟೆಫ್ಲಾನ್ ಟೇಪ್ ಸುತ್ತಿದೆ, ಒಳಗೆ ನೀರು ಹರಿಯುತ್ತೇನೋ ಅನ್ನುವ ಹಾಗೆ! ಮೇಲೆ ಕಪ್ಪು ಸ್ಪ್ರೇ ಪೇಂಟ್. ಚೆಂದ ಕಾಣಲಿ ಅಂತ ತಿರುಪಿನ ಹೋಲ್ಡರ್ ಹಾಕಿ, 40 ವ್ಯಾಟಿನ ಹಳೇ ಕಾಲದ ಫಿಲಮೆಂಟ್ ಬಲ್ಬು ಕೂರಿಸಿದೆ. ಇನ್ನೊಂದು ತುದಿಗೆ ಎರಡು ಪಿನ್ನಿನ ಪ್ಲಗ್.

ಹಾಕಿದ ತಕ್ಷಣ ಉರಿಯಿತು. ಬಂದವರೆಲ್ಲ ಹೊಗಳಿದರು. ಮೇಲಿನ ಪ್ಯಾರಾದಲ್ಲಿ ಕನಿಷ್ಠ ಐದು ತಪ್ಪುಗಳಿವೆ. ಉರಿಯುತ್ತಿದ್ದ ಲ್ಯಾಂಪಿನಲ್ಲಿ ಒಂದೂ ಕಾಣಲಿಲ್ಲ.

(ಆರನೇ ತಪ್ಪೊಂದು ಸ್ವಲ್ಪದರಲ್ಲಿ ತಪ್ಪಿತು. ಪೈಪನ್ನು ಬೆಂಕಿಯಲ್ಲಿ ಕಾಯಿಸಿದರೆ ಒಳ್ಳೇ ಬಣ್ಣ ಬರುತ್ತೆ ಅಂತ ಗೆಳೆಯನೊಬ್ಬ ಹೇಳಿದ್ದ. ಜಿಐ ಪೈಪಿನ ಮೇಲಿರುವುದು ಸತುವಿನ ಲೇಪ. ಅದನ್ನು ಜೋರಾಗಿ ಕಾಯಿಸಿದರೆ ಬರುವ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ವೆಲ್ಡಿಂಗ್ ಮಾಡುವವರಿಗೆ ಇದು ಗೊತ್ತಿರುವ ಕಾಯಿಲೆ. ಪೇಂಟೇ ಸಾಕು.)

ಪ್ಲಗ್ಗಿನ ಎರಡು ಮುಖ

ಶಾಕ್ ಹೊಡೆದ ಸಂಜೆ ನಾನು ಮೊದಲು ಅನುಮಾನಪಟ್ಟಿದ್ದು ಹೋಲ್ಡರನ್ನು. ತಿರುಪಿನ ಹೋಲ್ಡರ್ ಅಗ್ಗದ್ದು, ಸಡಿಲ ಆಗಿರಬಹುದು ಅಂದುಕೊಂಡೆ. ಬಿಚ್ಚಿ ನೋಡಿದರೆ ಸರಿಯಾಗೇ ಇತ್ತು. ಆದರೆ ಒಂದು ಕಂಡಿತು. ಹೋಲ್ಡರ್ ಹತ್ತಿರದ ಎರಡು ಇಂಚು ವೈರು ಬಿಸಿಗೆ ಗಟ್ಟಿಯಾಗಿ, ಮಡಚಿದರೆ ಬಿರುಕು ಬಿಡುತ್ತಿತ್ತು. ಫಿಲಮೆಂಟ್ ಬಲ್ಬಿಗೆ ಕೊಟ್ಟ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಕೆಳಮುಖವಾಗಿ ನೇತುಹಾಕಿದರೆ ಆ ಬಿಸಿ ನೇರ ಹೋಲ್ಡರಿಗೆ ಏರುತ್ತದೆ. ಇನ್ನಾರು ತಿಂಗಳು ಬಿಟ್ಟಿದ್ದರೆ ಅಲ್ಲೇ ಶಾರ್ಟ್ ಆಗುತ್ತಿತ್ತು. ಆದರೂ ಅವತ್ತಿನ ಶಾಕ್ ಅಲ್ಲಿಂದ ಬಂದದ್ದಲ್ಲ.

ಆಮೇಲೆ ಟೆಸ್ಟರ್ ತೆಗೆದುಕೊಂಡೆ. ಪ್ಲಗ್ ಹಾಕಿ, ಗೋಡೆಯ ಸ್ವಿಚ್ ಆನ್ ಮಾಡಿ, ಪೈಪಿಗೆ ಟೆಸ್ಟರ್ ಇಟ್ಟೆ. ಏನೂ ಇಲ್ಲ. ಲ್ಯಾಂಪ್ ಹಚ್ಚಿ ನೋಡಿದೆ, ಏನೂ ಇಲ್ಲ. ಅಮ್ಮನಿಗೆ ಭ್ರಮೆಯೇ? ಸುಮ್ನೆ ಪ್ಲಗ್ ಕಿತ್ತು ತಿರುಗಿಸಿ ಹಾಕಿದೆ. ಟೆಸ್ಟರ್ ಕೆಂಪಗೆ ಉರಿಯಿತು. ಲ್ಯಾಂಪ್ ಆರಿಸಿದರೂ ಉರಿಯುತ್ತಲೇ ಇತ್ತು.

ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಎರಡು ಪಿನ್ನಿನ ಪ್ಲಗ್ಗಿಗೆ ಹಿಂದು ಮುಂದು ಇಲ್ಲ, ಹೇಗೆ ಬೇಕಾದರೂ ಹೋಗುತ್ತದೆ. ಒಳಗೆ ಎರಡೆಳೆಗಳಲ್ಲಿ ಒಂದರ ಹೊದಿಕೆ ಎಲ್ಲೋ ಕಿತ್ತುಹೋಗಿ ತಾಮ್ರ ಪೈಪಿಗೆ ತಗುಲಿದೆ. ಪ್ಲಗ್ ಒಂದು ಮುಖವಾಗಿ ಹಾಕಿದಾಗ ಆ ಎಳೆ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ಎಳೆ. ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ನೆಲಕ್ಕೆ ಕಟ್ಟಿರುತ್ತಾರೆ. ಹಾಗಾಗಿ ಅದು ತಗುಲಿದ ಪೈಪನ್ನು ಮುಟ್ಟಿದರೆ ಗೊತ್ತಾಗುವುದಿಲ್ಲ. ಎರಡು ತಿಂಗಳು ನಾವು ಹಾಗೇ ಇದ್ದೆವು. ಪ್ಲಗ್ ತಿರುಗಿಸಿ ಹಾಕಿದರೆ ಅದೇ ಎಳೆ ಫೇಸ್, ಅಂದರೆ ಕರೆಂಟು ಬರುವ ಎಳೆ. ಪೂರ್ತಿ 230 ವೋಲ್ಟ್ ಪೈಪಿನ ಮೇಲೆ.

ಇನ್ನು ಸ್ವಿಚ್ಚು. ವೈರಿನ ನಡುವಿನ ಪುಟ್ಟ ಸ್ವಿಚ್ ಒಂದೇ ಎಳೆಯನ್ನು ಕಡಿಯುತ್ತದೆ. ನನ್ನದರಲ್ಲಿ ಅದು ಇದ್ದದ್ದು ಕೆಡದ ಎಳೆಯಲ್ಲಿ. ಪ್ಲಗ್ ತಿರುಗಿದ ದಿನ ಸ್ವಿಚ್ ಕಡಿದದ್ದು ನ್ಯೂಟ್ರಲ್ಲನ್ನು. ಬಲ್ಬು ಆರಿತು, ಫೇಸ್ ಮಾತ್ರ ಲ್ಯಾಂಪಿನೊಳಗೆ ಹಾಯಾಗಿ ಕೂತಿತ್ತು.

ಪ್ಲಗ್ ತಿರುಗಿಸಿದ್ದು ಯಾರು? ಹಿಂದಿನ ಸಂಜೆ ಬಂದಿದ್ದ ನೆಂಟರ ಹುಡುಗ ಲ್ಯಾಂಪಿನ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿದ್ದ. ಹೋಗುವಾಗ ಪಾಪ, ಒಳ್ಳೇ ಹುಡುಗ, ಮರೆಯದೆ ಪ್ಲಗ್ ವಾಪಸ್ ಹಾಕಿದ್ದ.

ಮೇಜು ಮರದ್ದು, ಒಣಗಿದ್ದು. ಹಾಗಾಗಿ ರಾತ್ರಿಯಿಡೀ ಕರೆಂಟಿಗೆ ನೆಲ ಸೇರಲು ದಾರಿ ಇರಲಿಲ್ಲ. ಬೆಳಿಗ್ಗೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಅಮ್ಮ ಆ ದಾರಿಯಾದಳು. ನಮ್ಮ ಕಡೆ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲವಲ್ಲ. ಹೊರದೇಶದವರ ಪೈಪ್ ಲ್ಯಾಂಪುಗಳ ಫೋಟೋ ನೋಡಿ ಆಸೆಪಡುವಾಗ ಇದು ನೆನಪಿಗೆ ಬರುವುದಿಲ್ಲ. ಅಲ್ಲಿ ಎಷ್ಟೋ ಕಡೆ ಮನೆಗೆ ಬರುವುದು 120 ವೋಲ್ಟ್, ಕಾಲಡಿ ಮರ ಅಥವಾ ಕಾರ್ಪೆಟ್ಟು. ನಮ್ಮದು 230 ವೋಲ್ಟ್, ಒರೆಸಿದ ನೆಲ, ಬರಿಗಾಲು.

ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಯಾಕೆ ಬೀಳಲಿಲ್ಲ ಅಂತ ಅಮ್ಮನೇ ಕೇಳಿದಳು. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಆ ಲೈನಿನದ್ದು 6 ಆಂಪಿಯರಿನದು, ಅಂದರೆ 6000 ಮಿಲಿ ಆಂಪಿಯರ್. ಮೈಯಲ್ಲಿ 1 ಮಿಲಿ ಆಂಪಿಯರ್ ಹರಿದರೆ ಜುಮ್ ಅನ್ನುತ್ತದೆ. ಹತ್ತು ಹದಿನೈದಕ್ಕೆ ಹಿಡಿದ ಕೈ ಬಿಡಿಸಲಾಗುವುದಿಲ್ಲ. ಅದಕ್ಕಿಂತ ಸ್ವಲ್ಪ ಜಾಸ್ತಿಯಾಗಿ, ಕೆಲವು ಸೆಕೆಂಡು ಹರಿದರೆ ಜೀವಕ್ಕೇ ಅಪಾಯ. ಎಂಸಿಬಿಗೆ ಅದೆಲ್ಲ ಒಂದು ಪುಟ್ಟ ಬಲ್ಬು ಉರಿದ ಲೆಕ್ಕ.

ನನ್ನ ಟೆಸ್ಟರ್ ಸಾಹಸವನ್ನು ಯಾರೂ ಅನುಕರಿಸಬೇಡಿ. ಕೆಟ್ಟಿದೆ ಅಂತ ಗೊತ್ತಿರುವ ಲ್ಯಾಂಪಿಗೆ ಕರೆಂಟು ಕೊಟ್ಟು ನೋಡುವುದು ದಡ್ಡತನ. ಪ್ಲಗ್ ಕಿತ್ತು ಪಕ್ಕಕ್ಕಿಟ್ಟು, ಮಲ್ಟಿಮೀಟರಿನ ಬೀಪ್ ಇಟ್ಟು (ಎರಡು ಕಡ್ಡಿಗಳ ನಡುವೆ ಕರೆಂಟಿಗೆ ದಾರಿ ಇದ್ದರೆ ಸದ್ದು ಮಾಡುತ್ತದೆ), ಒಂದು ಕಡ್ಡಿ ಪೈಪಿಗೆ, ಇನ್ನೊಂದು ಪ್ಲಗ್ಗಿನ ಒಂದೊಂದೇ ಪಿನ್ನಿಗೆ ಮುಟ್ಟಿಸಿದ್ದರೆ ಸಾಕಿತ್ತು. ಆಮೇಲೆ ಹಾಗೇ ಮಾಡಿದೆ. ಒಂದು ಪಿನ್ನಿಗೆ ಬೀಪ್ ಬಂತು, ಇನ್ನೊಂದಕ್ಕೆ ಇಲ್ಲ.

ಎಲ್ಬೋ ಒಳಗೆ

ಪೈಪುಗಳನ್ನು ಮೇಲಿಂದ ಬಿಚ್ಚುತ್ತಾ ಬಂದೆ. ಮೊದಲ ಎಲ್ಬೋದಲ್ಲಿ ವೈರು ಎಳೆದರೆ ಬರಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಹಗ್ಗ ಹೊಸೆದ ಹಾಗೆ ಸುರುಳಿ ಸುತ್ತಿಕೊಂಡಿದೆ. ವೈರು ಒಳಗಿಟ್ಟು ಪೈಪ್ ತಿರುಗಿಸಿದ್ದೆನಲ್ಲ, ಒಂದೊಂದು ಸುತ್ತಿಗೂ ವೈರು ಒಂದೊಂದು ಸುತ್ತು ಹೊಸೆದುಕೊಂಡು, ಬಿಗಿದು, ಪೈಪಿನ ಅಂಚಿಗೆ ಒತ್ತಿಕೊಂಡಿತ್ತು.

ಆ ಅಂಚು ನೋಡಬೇಕಿತ್ತು. ಪ್ಲಂಬರ್ ಕತ್ತರಿಸಿದ್ದು ಗಾಲಿಯ ಪೈಪ್ ಕಟರಿನಲ್ಲಿ. ಗಾಲಿ ಲೋಹವನ್ನು ಕತ್ತರಿಸುತ್ತಾ ಒಳಕ್ಕೆ ತಳ್ಳುತ್ತದೆ. ಬಾಯಿಯ ಸುತ್ತ ಒಳಮುಖವಾಗಿ ಒಂದು ತೆಳ್ಳನೆಯ ಏಣು ಎದ್ದಿತ್ತು. ಕಿರುಬೆರಳು ಒಳಗೆ ಹಾಕಿ ಸವರಿದೆ, ಚರ್ಮ ಗೀಚಿ ರಕ್ತ ಬಂತು. ನೀರಿಗೆ ಇದರಿಂದ ಅಂಥ ತೊಂದರೆಯಿಲ್ಲ. ವೈರಿಗೆ ಇದು ಈಳಿಗೆಮಣೆ. ಜೊತೆಗೆ ಪ್ಲಂಬಿಂಗ್ ಎಲ್ಬೋ ತಟಕ್ಕನೆ ತಿರುಗುತ್ತದೆ. ಕರೆಂಟಿನ ಪೈಪಿನ ಬೆಂಡಿನ ಹಾಗೆ ನಿಧಾನವಾಗಿ ಬಾಗುವುದಿಲ್ಲ. ವೈರು ಸರಿಯಾಗಿ ಆ ಅಂಚಿನ ಮೇಲೆ ಕೂತೇ ತಿರುಗಬೇಕು.

ವೈರನ್ನು ಕತ್ತರಿಸಿ ಈಚೆ ತೆಗೆದೆ. ಒಂದೆಳೆಯ ಹೊದಿಕೆಯಲ್ಲಿ ಮೂರು ಮಿ.ಮೀ. ಉದ್ದದ ಸೀಳು. ಬ್ಲೇಡಿನಲ್ಲಿ ಕೊಯ್ದಷ್ಟು ನೀಟು. ಅದರೊಳಗೆ ನಾಲ್ಕೈದು ತಾಮ್ರದ ನೂಲು ಹೊಳೆಯುತ್ತಿದ್ದವು, ಎರಡು ತುಂಡಾಗಿದ್ದವು. ಆ ತುಂಡು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಮತ್ತೆ ಕಟ್ಟಿದ್ದು

ಎಸೆದುಬಿಡು ಅಂದಳು ಅಮ್ಮ. ನಾನು ಕೇಳಲಿಲ್ಲ. ಹಠ ಅನ್ನಿ.

ಮೊದಲು ಅಂಚುಗಳು. ದುಂಡನೆಯ ಅರ ತಂದು ಎಲ್ಲ ಪೈಪುಗಳ ಎರಡೂ ಬಾಯಿಗಳನ್ನು ಒಳಗಿನಿಂದ ಉಜ್ಜಿದೆ. ಉಜ್ಜಿದ್ದು ಸಾಕೋ ಇಲ್ಲವೋ ಅಂತ ತಿಳಿಯಲು ಸುಲಭದ ಉಪಾಯ ಇದೆ. ಹಳೇ ಪಂಚೆಯ ಚಿಂದಿಗೆ ದಾರ ಕಟ್ಟಿ ಪೈಪಿನ ಒಳಗೆ ಎಳೆಯಿರಿ. ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಇನ್ನೂ ಚೂಪಿದೆ. ನನಗೆ ಮೂರು ಸಲ ಸಿಕ್ಕಿಕೊಂಡಿತು, ನಾಲ್ಕನೇ ಸಲ ನುಣ್ಣಗೆ ಬಂತು.

ಎರಡನೆಯದು ಟೆಫ್ಲಾನು ಮತ್ತು ಪೇಂಟು. ಈ ಸಲ ಲೋಹಕ್ಕೆ ಅರ್ಥ್ (ಸೋರಿದ ಕರೆಂಟು ನೆಲ ಸೇರುವ ದಾರಿ) ಕೊಡಬೇಕು ಅಂತ ತೀರ್ಮಾನವಾಗಿತ್ತು. ಅರ್ಥ್ ತಂತಿಯನ್ನು ಬುಡದ ಫ್ಲ್ಯಾಂಜಿಗೆ ಕಟ್ಟಿದರೆ ಪೈಪುಗಳ ಮೂಲಕ ತುದಿಯವರೆಗೂ ತಾನೇ ಹೋಗುತ್ತೆ ಅಂದುಕೊಂಡಿದ್ದೆ. ಮಲ್ಟಿಮೀಟರ್ ಬೇರೆ ಹೇಳಿತು. ಫ್ಲ್ಯಾಂಜಿನಿಂದ ತುದಿಯ ಎಲ್ಬೋಗೆ ಒಮ್ಮೆ 40 ಓಮ್ ತಡೆ, ಅಲುಗಾಡಿಸಿದರೆ ಒಮ್ಮೆ ದಾರಿಯೇ ಇಲ್ಲ. ಟೇಪಿನ ಪದರ ಥ್ರೆಡ್ಡುಗಳ ಮಧ್ಯೆ ಕೂತು ಲೋಹಕ್ಕೆ ಲೋಹ ತಾಗದಂತೆ ಮಾಡಿತ್ತು. ಟೇಪೆಲ್ಲ ಕಿತ್ತು, ಥ್ರೆಡ್ಡುಗಳನ್ನು ತಂತಿ ಬ್ರಶ್ಶಿನಲ್ಲಿ ಹೊಳೆಯುವವರೆಗೆ ಉಜ್ಜಿ, ಒಣಗಿದ್ದನ್ನೇ ಬಿಗಿದೆ. ಆಗ ಬುಡದಿಂದ ತುದಿಗೆ 0.4 ಓಮ್ ಬಂತು. ಅದರಲ್ಲಿ 0.3 ಮಲ್ಟಿಮೀಟರಿನ ಕಡ್ಡಿಗಳದ್ದೇ.

ಮೂರನೆಯದು ವೈರ್ ಎಳೆಯುವ ಕ್ರಮ. ಈ ಸಲ ಪೈಪೆಲ್ಲ ಮೊದಲು ಬಿಗಿದು, ಎಲ್ಲ ಮುಗಿದ ಮೇಲೆ ವೈರು. ಪ್ಲಾಸ್ಟಿಕ್ ಚೀಲದ ಚೂರಿಗೆ ದಾರ ಕಟ್ಟಿ ಒಂದು ಬಾಯಲ್ಲಿಟ್ಟು, ಇನ್ನೊಂದು ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ದಾರ ಕ್ಷಣದಲ್ಲಿ ಆಚೆ ಬರುತ್ತದೆ. ಆ ದಾರಕ್ಕೆ ವೈರ್ ಕಟ್ಟಿ ನಿಧಾನ ಎಳೆದರಾಯಿತು. ಎರಡು ಎಲ್ಬೋ ದಾಟಲು ಸ್ವಲ್ಪ ಟಾಲ್ಕಂ ಪೌಡರ್ ಬೇಕಾಯಿತು.

ವೈರು ಮೂರೆಳೆಯದು, 0.75 ಚದರ ಮಿ.ಮೀ., ಮೇಲೆ ಇನ್ನೊಂದು ದುಂಡನೆಯ ಹೊದಿಕೆ ಇರುವಂಥದ್ದು. ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು–ಹಳದಿ ಅರ್ಥ್. ಹಳೇ ಮನೆಯ ಗೋಡೆಯೊಳಗೆ ಕೆಂಪು, ಕಪ್ಪು, ಹಸಿರು ಸಿಗುತ್ತದೆ, ಗೊಂದಲ ಮಾಡಿಕೊಳ್ಳಬೇಡಿ. ಈ ಸಲ ಹಾಕಿದ 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವುದು 0.05 ಆಂಪಿಯರಿಗಿಂತ ಕಡಿಮೆ. ಅದಕ್ಕೆ ಇಷ್ಟು ದಪ್ಪ ವೈರು ಬೇಕಿಲ್ಲ ನಿಜ. ಬೇಕಿರುವುದು ಎಳೆತ ಉಜ್ಜಾಟ ತಡೆಯುವ ಆ ಎರಡನೇ ಹೊದಿಕೆ.

ವೈರು ಒಳಗೆ ಹೋಗುವ ಟೀಯ ಬಾಯಿ ನನ್ನನ್ನು ಅರ್ಧ ದಿನ ಸತಾಯಿಸಿತು. ಎಲೆಕ್ಟ್ರಿಕಲ್ ಅಂಗಡಿಯ ಗ್ಲ್ಯಾಂಡಿನ (ವೈರನ್ನು ಬಿಗಿಯಾಗಿ ಹಿಡಿದುಕೊಳ್ಳುವ ಬಿರಡೆ) ಥ್ರೆಡ್ಡು ನೀರಿನ ಪೈಪಿನ ಥ್ರೆಡ್ಡಿಗೆ ಕೂರುವುದಿಲ್ಲ. ಕೊನೆಗೆ ಹೊಳೆದದ್ದು ಪ್ಲಂಬರುಗಳು ನಲ್ಲಿ ಕೂರಿಸುವವರೆಗೆ ಬಾಯಿ ಮುಚ್ಚಲು ಹಾಕುತ್ತಾರಲ್ಲ, ಆ ಪ್ಲಾಸ್ಟಿಕ್ ಎಂಡ್ ಪ್ಲಗ್. ಅದಕ್ಕೆ ತೂತು ಕೊರೆದು ಚಿಕ್ಕ ಗ್ಲ್ಯಾಂಡ್ ಕೂರಿಸಿ ಟೀಗೆ ತಿರುಗಿಸಿದೆ. ಈಗ ಯಾರಾದರೂ ವೈರಿಗೆ ಕಾಲು ತೊಡರಿಸಿದರೆ ಎಳೆತ ಬೀಳುವುದು ಗ್ಲ್ಯಾಂಡಿನ ಮೇಲೆ, ಹೋಲ್ಡರಿನ ತಿರುಪುಗಳ ಮೇಲಲ್ಲ.

ಅರ್ಥ್ ತಂತಿಯ ತುದಿಗೆ ಉಂಗುರದ ಲಗ್ ಒತ್ತಿಸಿ, ಫ್ಲ್ಯಾಂಜಿಗೆ ತೂತು ಕೊರೆದು, ಸುತ್ತ ಪೇಂಟ್ ಕೆರೆದು, ಹಲ್ಲಿನ ವಾಷರ್ ಇಟ್ಟು ಬೋಲ್ಟ್ ಬಿಗಿದೆ. ಹೋಲ್ಡರನ್ನು ಬೇಕಲೈಟಿನದಕ್ಕೆ ಬದಲಿಸಿದೆ, ಒತ್ತಿ ತಿರುಗಿಸುವ ನಮ್ಮ ಮಾಮೂಲಿ ಹೋಲ್ಡರು. ತಿರುಪಿನದೇ ಬೇಕು ಅನ್ನುವವರು ಫೇಸನ್ನು ನಡುವಿನ ಚುಕ್ಕೆಗೆ, ನ್ಯೂಟ್ರಲ್ಲನ್ನು ಸುತ್ತಿನ ಥ್ರೆಡ್ಡಿಗೆ ಕೊಡಬೇಕು. ಉಲ್ಟಾ ಆದರೆ ಬಲ್ಬ್ ತಿರುಗಿಸುವಾಗ ಬೆರಳಿಗೆ ತಗುಲುವ ಲೋಹವೇ ಫೇಸ್. ಎರಡು ಪಿನ್ನಿನ ಪ್ಲಗ್ ಇದ್ದಾಗ ಈ ಕ್ರಮಕ್ಕೂ ಬೆಲೆ ಇರಲಿಲ್ಲ, ಯಾವಾಗ ಬೇಕಾದರೂ ಉಲ್ಟಾ ಆಗಬಹುದಿತ್ತಲ್ಲ.

ಕೊನೆಗೆ ಮೂರು ಪಿನ್ನಿನ ಪ್ಲಗ್. ಅದರಲ್ಲಿ ಮೇಲಿನ ಅರ್ಥ್ ಪಿನ್ ದಪ್ಪ, ಉದ್ದ. ದಪ್ಪ ಯಾಕೆಂದರೆ ತಪ್ಪು ತೂತಿಗೆ ಹೋಗಬಾರದು. ಉದ್ದ ಯಾಕೆಂದರೆ ಹಾಕುವಾಗ ಅರ್ಥ್ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಪ್ಲಗ್ಗಿನೊಳಗೂ ಹಸಿರು ತಂತಿಯನ್ನು ಸ್ವಲ್ಪ ಉದ್ದ ಬಿಟ್ಟೆ, ವೈರು ಜಗ್ಗಿದರೆ ಅದೇ ಕೊನೆಗೆ ಕಿತ್ತುಬರಲಿ ಅಂತ. ಸ್ವಿಚ್ಚನ್ನು ಕಂದು ಎಳೆಗೆ ಹಾಕಿದೆ.

ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ

ಲ್ಯಾಂಪ್ ಹಾಕಿ, ಎಚ್ಚರಿಕೆಗೆ ಟೆಸ್ಟರ್ ಇಟ್ಟೆ. ಮಂಕಾಗಿ ಉರಿಯಿತು. ಮಲ್ಟಿಮೀಟರಿನಲ್ಲಿ ಪೈಪಿಗೂ ನ್ಯೂಟ್ರಲ್ಲಿಗೂ 80 ವೋಲ್ಟ್ ಹತ್ತಿರ, ಅದೂ ಕುಣಿಯುತ್ತಿತ್ತು. ಎದೆ ಧಸಕ್ಕೆಂದಿತು. ಮತ್ತೆ ಎಲ್ಲ ಬಿಚ್ಚಿ ನೋಡಿದೆ, ವೈರು ಚೊಕ್ಕವಾಗಿತ್ತು.

ಎಲೆಕ್ಟ್ರೀಷಿಯನ್ನನ್ನು ಕರೆಸಿದೆ. ಅವರು ಬಲ್ಬು ತೆಗೆದು, ಪ್ಲಗ್ಗಿನ ಫೇಸ್ ನ್ಯೂಟ್ರಲ್ ಪಿನ್ನುಗಳನ್ನು ಜೋಡಿಸಿ, ಪೈಪಿಗೂ ಅವಕ್ಕೂ ಮಧ್ಯೆ 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುವ ಮೀಟರು) ಹಿಡಿದರು. ಮುಳ್ಳು ಕೊನೆಗೆ ಹೋಗಿ ನಿಂತಿತು. "ನಿಮ್ಮ ಲ್ಯಾಂಪು ಚೆನ್ನಾಗಿದೆ ಸಾರ್. 1 ಮೆಗಾ ಓಮ್ ಇದ್ರೂ ಪಾಸು, ಇದು ನೂರಾರು ತೋರಿಸ್ತಿದೆ," ಅಂದರು. ಹಾಗಾದರೆ ಆ 80 ವೋಲ್ಟ್? ಪೈಪಿನೊಳಗೆ ಫೇಸ್ ವೈರ್ ಹೋಗುತ್ತಿದ್ದರೆ, ಪೈಪನ್ನು ಎಲ್ಲಿಗೂ ಕಟ್ಟದೆ ಬಿಟ್ಟಿದ್ದರೆ, ತಾಗದಿದ್ದರೂ ಒಂದಿಷ್ಟು ವೋಲ್ಟೇಜ್ ಅದರ ಮೇಲೆ ತೇಲುತ್ತದೆ. ವೈರು ಒಂದು ತಟ್ಟೆ, ಪೈಪು ಇನ್ನೊಂದು ತಟ್ಟೆ, ನಡುವೆ ಪ್ಲಾಸ್ಟಿಕ್: ಕೆಪ್ಯಾಸಿಟರ್ ಆಯಿತಲ್ಲ. ಅದರಲ್ಲಿ ಹೊಡೆಯುವಷ್ಟು ಕರೆಂಟು ಇರುವುದಿಲ್ಲ. ಹಾಗೆ ತೇಲಬಾರದು ಅಂತಲೇ ಅರ್ಥ್ ಕೊಡುವುದು.

"ಆದ್ರೆ ಅರ್ಥ್ ಕೊಟ್ಟಿದೀನಲ್ಲ?" ಅಂದೆ.

ಅವರು ಮಾತಾಡದೆ ಚೀಲದಿಂದ ಟೆಸ್ಟ್ ಲ್ಯಾಂಪ್ ತೆಗೆದರು. ಒಂದು ಹೋಲ್ಡರು, ಒಂದು ಬಲ್ಬು, ಎರಡು ಕಡ್ಡಿ. ಸಾಕೆಟ್ಟಿನ ಬಲಗಡೆ ತೂತು ಮತ್ತು ಎಡಗಡೆ ತೂತಿಗೆ ಹಾಕಿದರು: ಬಲ್ಬು ಉರಿಯಿತು. ಬಲಗಡೆ ಮತ್ತು ಮೇಲಿನ ಅರ್ಥ್ ತೂತಿಗೆ ಹಾಕಿದರು: ಬಲ್ಬು ಸತ್ತ ಹಾಗೆ ಇತ್ತು. "ಅರ್ಥೇ ಇಲ್ಲ ಸಾರ್." ನಡುಮನೆ, ಅಡುಗೆಮನೆ, ಗೀಸರ್ ಪಾಯಿಂಟ್, ಎಲ್ಲ ಕಡೆ ಅದೇ.

ಸಾಕೆಟ್ ಬಿಚ್ಚಿದರೆ ಹಿಂದೆ ಅರ್ಥ್ ತಂತಿ ಇತ್ತು. ಅದು ಮೇನ್ ಬೋರ್ಡಿಗೆ ಬಂದು ಸೇರಿತ್ತು. ಬೋರ್ಡಿನಿಂದ ಒಂದು ದಪ್ಪ ಜಿಐ ತಂತಿ ಗೋಡೆ ಹಿಡಿದು ಬಚ್ಚಲಮನೆ ಕಡೆ ಹೋಗಿತ್ತು. ಅವರು ಅದರ ಹಿಂದೆ, ನಾನು ಅವರ ಹಿಂದೆ. ಹಂಡೆಯ ಮೂಲೆಯಲ್ಲಿ ತಂತಿ ಮುಗಿದಿತ್ತು. ತುದಿಯಲ್ಲಿ ತುಕ್ಕು ಹಿಡಿದ ಒಂದು ಕ್ಲ್ಯಾಂಪು. ಕ್ಲ್ಯಾಂಪು ಯಾವುದನ್ನೋ ತಬ್ಬಿಕೊಂಡ ಆಕಾರದಲ್ಲಿತ್ತು, ಒಳಗೆ ಏನೂ ಇರಲಿಲ್ಲ. ಪಕ್ಕದಲ್ಲೇ ಹೊಸ ಸಿಪಿವಿಸಿ ಪೈಪು ಹೋಗಿತ್ತು.

"ಇಲ್ಲಿದ್ದ ನೀರಿನ ಪೈಪ್ ಎಲ್ಲಿ ಸಾರ್?" ಅಂತ ಕೇಳಿದರು.

ನಾನು ನಡುಮನೆ ಕಡೆ ತಿರುಗಿ ನೋಡಿದೆ.

ಹಳೇ ಮನೆಗಳಲ್ಲಿ ಇದು ಮಾಮೂಲಿ. ಬೇರೆ ಗುಂಡಿ ತೋಡುವ ಬದಲು ಅರ್ಥ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಬಿಗಿದುಬಿಡುತ್ತಿದ್ದರು. ಪೈಪು ನೆಲದೊಳಗೆ ದೂರದವರೆಗೆ ಹೋಗುತ್ತಿತ್ತಾದ್ದರಿಂದ ಕೆಲಸ ನಡೆಯುತ್ತಿತ್ತು. ಪ್ಲಾಸ್ಟಿಕ್ ಪೈಪ್ ಹಾಕಿದ ದಿನ ಆ ದಾರಿ ಕಡಿದುಹೋಗುತ್ತದೆ. ಪ್ಲಂಬರಿಗೆ ಅದು ಅಡ್ಡ ಬಂದ ಒಂದು ತಂತಿ. ಎಲೆಕ್ಟ್ರೀಷಿಯನ್ನನ್ನು ಯಾರೂ ಕರೆದಿರುವುದಿಲ್ಲ. ನೀರು ಚೆನ್ನಾಗಿ ಬರುತ್ತದೆ, ಎಲ್ಲರಿಗೂ ಖುಷಿ. ಬೇಸಿಗೆಯಿಂದ ನಮ್ಮ ಫ್ರಿಜ್ಜು, ಗೀಸರು, ವಾಷಿಂಗ್ ಮೆಷಿನ್ನು ಯಾವುದಕ್ಕೂ ಅರ್ಥ್ ಇರಲಿಲ್ಲ. ಫ್ರಿಜ್ ಬಾಗಿಲು ಚುಮುಚುಮು ಅನ್ನುತ್ತೆ ಅಂತ ಅಮ್ಮ ಎರಡು ಸಲ ಹೇಳಿದ್ದಳು. ಒದ್ದೆ ಕೈಯಲ್ಲಿ ಮುಟ್ಟಬೇಡ ಅಂತ ನಾನೇ ಬುದ್ಧಿ ಹೇಳಿದ್ದೆ.

ಮನೆಯ ಅರ್ಥನ್ನೇ ಕಿತ್ತು ತಂದು ಅದರಲ್ಲಿ ಲ್ಯಾಂಪ್ ಮಾಡಿದ್ದೆ.

ಹಿತ್ತಲಲ್ಲಿ

ಹಬ್ಬ ಮುಗಿದ ಮೇಲೆ ಹಿತ್ತಲಲ್ಲಿ, ತುಳಸಿಕಟ್ಟೆಯಿಂದ ನಾಲ್ಕು ಹೆಜ್ಜೆ ಆಚೆ ಗುಂಡಿ ತೋಡಿಸಿದೆವು. ಎರಡೂವರೆ ಮೀಟರ್ ಉದ್ದದ, 40 ಮಿ.ಮೀ. ಜಿಐ ಪೈಪು. ಹೊಸದು, ಉಳಿದ ಹಳೇ ತುಂಡುಗಳು ಕೆಲಸಕ್ಕೆ ಬರಲಿಲ್ಲ. ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಆ ತೇವದಲ್ಲಿ ಕರೆಂಟು ಹರಿಯಲು ಅನುಕೂಲ ಮಾಡುತ್ತದೆ. ಮೇಲೆ ನೀರು ಹೊಯ್ಯಲು ಆಲಿಕೆ, ಸಿಮೆಂಟಿನ ಪುಟ್ಟ ಕಟ್ಟೆ, ಮುಚ್ಚಳ. ಅಲ್ಲಿಂದ ಮೇನ್ ಬೋರ್ಡಿಗೆ ಹೊಸ ತಂತಿ.

ಜೊತೆಗೆ, ಕರೆಂಟು ಸೋರಿದರೆ ತಾನೇ ಬೀಳುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ಅರ್ಥ್ ಇದ್ದ ಮೇಲೆ ಇದೂ ಬೇಕಾ ಅಂತ ಕೇಳಿದ್ದಕ್ಕೆ ಎಲೆಕ್ಟ್ರೀಷಿಯನ್ ಲೆಕ್ಕ ಹಾಕಿ ತೋರಿಸಿದರು. ಬೇಸಿಗೆಯಲ್ಲಿ ಗುಂಡಿ ಒಣಗಿ ದಾರಿಯ ತಡೆ 20 ಓಮ್ ಆಯಿತು ಅಂತಿಟ್ಟುಕೊಳ್ಳಿ. ಫೇಸ್ ಪೈಪಿಗೆ ತಾಗಿದರೆ 230 ಭಾಗಿಸು 20, ಹನ್ನೊಂದೂವರೆ ಆಂಪಿಯರ್. ನಮ್ಮ 6 ಆಂಪಿಯರಿನ ಸಿ ಮಾದರಿಯ ಎಂಸಿಬಿ ತಕ್ಷಣ ಬೀಳಬೇಕಾದರೆ 30ರಿಂದ 60 ಆಂಪಿಯರ್ ಬೇಕು. ಹನ್ನೊಂದೂವರೆಗೆ ಅದು ಬಿಸಿಯಾಗಿ, ಯೋಚನೆ ಮಾಡಿ, ನಿಧಾನವಾಗಿ ಬೀಳುತ್ತದೆ. ಅಲ್ಲಿವರೆಗೂ ಪೈಪು ಜೀವಂತ. ಆರ್‌ಸಿಸಿಬಿ ಹಾಗಲ್ಲ. ಫೇಸಿನಲ್ಲಿ ಹೋದದ್ದೂ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂದದ್ದೂ ಸಮ ಇದೆಯಾ ಅಂತ ಅಳೆಯುತ್ತಾ ಇರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದಿರುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡುವುದು ಈಗ ನನ್ನ ಕೆಲಸ.

ಟೆಸ್ಟ್ ಲ್ಯಾಂಪಿನ ಪರೀಕ್ಷೆಯನ್ನು ಆರ್‌ಸಿಸಿಬಿ ಹಾಕುವ ಮೊದಲೇ ಮತ್ತೊಮ್ಮೆ ಮಾಡಿದರು, ಆಮೇಲಾದರೆ ಬಲ್ಬು ಉರಿಯುವ ಮೊದಲೇ ಆರ್‌ಸಿಸಿಬಿ ಬೀಳುತ್ತದೆ. ಫೇಸಿಗೂ ಅರ್ಥಿಗೂ ಕಡ್ಡಿ ಇಟ್ಟಾಗ ಬಲ್ಬು ಝಗ್ ಅಂತ ಹತ್ತಿತು. ಲ್ಯಾಂಪ್ ಹಾಕಿ ಪೈಪಿಗೆ ಟೆಸ್ಟರ್ ಇಟ್ಟೆ, ಕತ್ತಲೆ. ಮಲ್ಟಿಮೀಟರಿನಲ್ಲಿ ಸೊನ್ನೆ. ಫ್ರಿಜ್ಜಿನ ಚುಮುಚುಮು ಕೂಡ ಅವತ್ತೇ ನಿಂತಿತು.

ಲ್ಯಾಂಪು ಈಗ ಅದೇ ಮೇಜಿನ ಮೇಲಿದೆ. ಅಮ್ಮ ಅದನ್ನು ಇವತ್ತಿಗೂ ಬರಿಗೈಯಲ್ಲಿ ಮುಟ್ಟುವುದಿಲ್ಲ, ಒಣ ಬಟ್ಟೆ ಹಿಡಿದು ಸರಿಸುತ್ತಾಳೆ. ಆದರೆ ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ, ಮುಚ್ಚಳ ಎತ್ತಿ, ಅರ್ಥಿನ ಆಲಿಕೆಗೂ ಒಂದು ಚೊಂಬು ಹೊಯ್ದು ಬರುತ್ತಾಳೆ.